ಒಂದೇ ಗೂಟಕ್ಕೆ ಎರಡು ಕುದುರೆ

"ಎರಡು ದಿನ ಕಚ್ಚಾಡ್ಲಿ ಬಿಡ್ರಿ ಸರ, ಆಮ್ಯಾಲ ತಾವ ಸರಿ ಹೋಗ್ತಾವ." ಹೊಸ ಕುದುರೆಯನ್ನು ತಂದು ಹಳೆಯದರ ಜೊತೆ ಬಿಡುವಾಗ ಕುದುರೆ ಸಾಕಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು ಹೇಳುತ್ತಾರೆ. ಹೊಲದ ಮನೆಯಲ್ಲಿ ಶೋಕಿಗೆಂದು ಮಾರವಾಡಿ ಕುದುರೆ ತಂದು ಕಟ್ಟಿದವರು ಹೇಳುತ್ತಾರೆ. ಕುರಿ ಹಿಂಡಿನ ಜೊತೆ ಸಾಮಾನು ಹೊರಲು ತಟ್ಟು ಇಟ್ಟುಕೊಂಡ ನಮ್ಮ ಪೈಕಿಯವರಲ್ಲೂ ಕೆಲವರು ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಾಗಿದ್ದರೆ ತಲೆಬಿಸಿ ಇರುತ್ತಿರಲಿಲ್ಲ. ಅರ್ಧ ನಿಜ ಇರುವುದೇ ತೊಂದರೆ. ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ. ಹೊಸದೊಂದು ಬಂದಾಗ ಯಾರು ಮೊದಲು ನೀರಿಗೆ ಬಾಯಿ ಹಾಕಬೇಕು, ಯಾರು ಜಾಗ ಬಿಟ್ಟು ಸರಿಯಬೇಕು ಎಂಬುದನ್ನು ಅವು ತಾವೇ ಇತ್ಯರ್ಥ ಮಾಡಿಕೊಳ್ಳುತ್ತವೆ, ಹೌದು. ಆದರೆ ಆ ಇತ್ಯರ್ಥವೆಲ್ಲ ನಿಂತಿರುವುದು ಸೋತ ಕುದುರೆ ಓಡಿ ಹೋಗಬಹುದು ಎಂಬುದರ ಮೇಲೆ. ಕಿವಿ ಹಿಂದಕ್ಕೆ ಮಲಗಿಸಿದ್ದನ್ನು ಕಂಡು ಹತ್ತು ಮಾರು ದೂರ ಸರಿದರೆ ಅಲ್ಲಿಗೆ ಜಗಳ ಮುಗಿಯಿತು. ಸರಿಯಲು ಜಾಗವೇ ಇಲ್ಲದಿದ್ದರೆ?

ಕುಷ್ಟಗಿ ಕಡೆಯ ಒಂದು ಹೊಲದಲ್ಲಿ ನಾನು ಕಂಡದ್ದು ಅದನ್ನೇ. ಬೇವಿನ ಗಿಡದ ಕೆಳಗೆ ಹಳೆ ಗಂಡು ಕುದುರೆ, ಅದೇ ಗೂಟಕ್ಕೆ ಹಿಂದಿನ ಸಂಜೆ ತಂದ ಮರಿ. ಇಬ್ಬರಿಗೂ ನೈಲಾನ್ ಹಗ್ಗ, ನಡುವೆ ಒಂದೇ ಬುಟ್ಟಿ ಹುರಳಿ. ಮರಿ ಹಸಿದಿತ್ತು, ಬುಟ್ಟಿಗೆ ಬಾಯಿ ಹಾಕಿತು. ಹಳೆಯದು ಮೊದಲು ಕಿವಿ ಮಲಗಿಸಿತು, ಆಮೇಲೆ ಬಾಲ ಬೀಸಿತು, ಆಮೇಲೆ ತಿರುಗಿ ಹಿಂಭಾಗ ತೋರಿಸಿತು. ಮೂರು ಸಲ ಹೇಳಿತು. ಮರಿಗೆ ತಿಳಿಯಿತು ಕೂಡ, ಹಿಂದಕ್ಕೆ ಜಗ್ಗಿತು, ಆದರೆ ಹಗ್ಗ ಬಿಡಲಿಲ್ಲ. ಒದೆ ಮುಂಗಾಲಿನ ಮೇಲ್ಭಾಗಕ್ಕೆ ಬಿತ್ತು. ಲಾಳ ಹೊಡೆದ ಕಾಲು. ಗೇಣುದ್ದ ಚರ್ಮ ಸೀಳಿ ಒಳಗಿನ ಬೆಳ್ಳನೆಯದು ಕಾಣುತ್ತಿತ್ತು. ಕುದುರೆಯವನು ಅರಿಷಿಣ ಮೆತ್ತಿ, "ಇನ್ನ ಬುದ್ಧಿ ಬರತೈತಿ ಅದಕ್ಕ" ಅಂದ. ಯಾರಿಗೆ ಬುದ್ಧಿ ಬರಬೇಕಿತ್ತು ಎಂದು ನಾನು ಕೇಳಲಿಲ್ಲ. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸುವ ಮಾತಷ್ಟೇ ಆಡಿ ಬಂದೆ. ಸಾಕುಪ್ರಾಣಿಗಳ ಪೈಕಿ ಧನುರ್ವಾಯು ಅತಿ ಬೇಗ ತಗಲುವುದು ಕುದುರೆಗೆ. ಲದ್ದಿ, ಮಣ್ಣು, ಆಳದ ಗಾಯ, ಮೂರೂ ಒಂದೇ ಕಡೆ ಇದ್ದವು.

ಆ ಹಳೆ ಕುದುರೆ ಕೆಟ್ಟದ್ದಾಗಿರಲಿಲ್ಲ ಎನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಬಯಲಲ್ಲಿ ಬಿಟ್ಟಿದ್ದರೆ ಅದರ ಮೊದಲ ಕಿವಿಯ ಮಾತೇ ಸಾಕಾಗುತ್ತಿತ್ತು.

ಮೂರು ವಾರ ದೂರ

ನಮ್ಮ ಕಾಕಾ ಕುರಿ ಇಟ್ಟವರು. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ತಾವರಗೇರಿ, ಕನಕಗಿರಿ ದಾಟಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಹೊಲಗಳಿಗೆ ಇಳಿಯುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ತರುಬಿದರೆ ರೈತರಿಗೆ ಗೊಬ್ಬರ, ಇವರಿಗೆ ಮೇವು ಮತ್ತು ಒಂದಿಷ್ಟು ಕಾಸು. ಬಲೆ, ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ದಾರಿಯಲ್ಲಿ ಹುಟ್ಟಿ ಇನ್ನೂ ನಡೆಯಲಾರದ ಕುರಿಮರಿ, ಎಲ್ಲವೂ ಕುದುರೆಯ ಮೇಲೆ. ಗಂಗಿ ಎಂಬ ಹೆಣ್ಣು ಕುದುರೆ ಬಹಳ ವರ್ಷದಿಂದ ಆ ಕೆಲಸ ಮಾಡಿಕೊಂಡು ಬಂದಿದೆ. ಹಟ್ಟಿಗೆ ಹೋದಾಗ ನಾನು ಹತ್ತಿ ತಿರುಗುವುದೂ ಅದರ ಮೇಲೆಯೇ. ಅದಕ್ಕೆ ವಯಸ್ಸಾಯಿತೆಂದು ಕಾಕಾ ಒಂದು ಗಂಡು ಮರಿ ತಂದರು. ಹೆಸರು ಮಲ್ಲ. ಮೈಲಾರಲಿಂಗನ ಒಕ್ಕಲು, ದೇವರೇ ಕುದುರೆ ಏರಿದವನು, ಬೇರೆ ಹೆಸರು ಇಡುವುದು ಹೇಗೆ.

ಮಾರಿದವನು ನಾಲ್ಕು ವರ್ಷ ಅಂದಿದ್ದ. ಬಾಯಿ ಬಿಡಿಸಿ ನೋಡಿದರೆ ನಡುವಿನ ಜೋಡಿ ಮಾತ್ರ ಹೊಸ ಹಲ್ಲು, ಪಕ್ಕದವು ಇನ್ನೂ ಹಾಲುಹಲ್ಲು. ಕುದುರೆಗೆ ಎರಡೂವರೆ ವರ್ಷದ ಹೊತ್ತಿಗೆ ನಡುವಿನವು, ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಮೂಲೆಯವು ಬದಲಾಗುತ್ತವೆ. ಅಂದರೆ ಮಲ್ಲನಿಗೆ ಮೂರರ ಆಸುಪಾಸು. ಇದು ಸಣ್ಣ ಸುಳ್ಳಲ್ಲ. ಕಾಲಿನ ಎಲುಬು ಆ ವಯಸ್ಸಿಗೆ ಹೆಚ್ಚುಕಡಿಮೆ ಗಟ್ಟಿಯಾಗಿದ್ದರೂ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಬಲಿತ ಕುದುರೆಗೇ ಜೀನು, ಸವಾರ, ಹೊರೆ ಎಲ್ಲ ಸೇರಿ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೇರಬಾರದು ಎನ್ನುತ್ತಾರೆ. ಮರಿಗೆ ಅದೂ ಹೆಚ್ಚು.

ಕಾಕಾ ಅಂದೇ ಗಂಗಿಯ ಬೆನ್ನ ಮೇಲಿನ ಕಂಬಳಿ ತೆಗೆದು ಮಲ್ಲನ ಮೇವಿನ ಹತ್ತಿರ ಹಾಸಲು ಹೊರಟರು. ವಾಸನೆ ಮೊದಲು ಪರಿಚಯವಾಗಲಿ ಎಂಬ ಲೆಕ್ಕ. ಲೆಕ್ಕ ಸರಿಯಾದದ್ದೇ, ಕುದುರೆ ಮೊದಲು ಗುರುತು ಹಿಡಿಯುವುದು ಮೂಗಿನಿಂದ. ಆದರೆ ಹೊರಗಿನಿಂದ ಬಂದ ಕುದುರೆಗೆ ಮೊದಲ ಎರಡು ಮೂರು ವಾರ ಕಂಬಳಿಯನ್ನೂ ಹಂಚಬಾರದು, ನೀರಿನ ಬಕೆಟ್ಟನ್ನೂ ಹಂಚಬಾರದು. ಸ್ಟ್ರಾಂಗಲ್ಸ್ ಎಂಬ ರೋಗವಿದೆ, ದವಡೆಯ ಕೆಳಗೆ ಗಂಟು ಎದ್ದು ಕೀವಾಗುತ್ತದೆ, ಮೂಗಿನಿಂದ ಸುರಿಯುತ್ತದೆ. ಸೋಂಕು ತಗಲಿ ರೋಗ ಕಾಣಿಸಿಕೊಳ್ಳಲು ಎರಡು ವಾರದವರೆಗೆ ಬೇಕಾಗಬಹುದು, ಹರಡಲು ಒಂದೇ ನೀರಿನ ತೊಟ್ಟಿ ಸಾಕು. ಅದಕ್ಕಿಂತ ಕೆಟ್ಟದ್ದು ಗ್ಲಾಂಡರ್ಸ್. ಅದು ಮನುಷ್ಯರಿಗೂ ಬರುತ್ತದೆ, ಕುದುರೆಗೆ ಖಚಿತವಾದರೆ ಚಿಕಿತ್ಸೆ ಕೊಡುವ ಮಾತೇ ಇಲ್ಲ, ಸರ್ಕಾರ ಪರಿಹಾರ ಕೊಟ್ಟು ಅದನ್ನು ಕೊಲ್ಲಿಸುತ್ತದೆ. ರಕ್ತದ ಮಾದರಿಯನ್ನು ಪಶುವೈದ್ಯರು ತೆಗೆದು ಕಳಿಸುತ್ತಾರೆ, ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ.

"ಮೂರ್ ವಾರ ಬ್ಯಾರೆ ಹೊಲದಾಗ ಕಟ್ಟಿದ್ರ ಅದನ್ನ ಕಾಯಾವ್ರು ಯಾರು?" ಎಂದು ಕಾಕಾ ರೇಗಿದರು. ಕಾದದ್ದು ಕಾಕಿ. ಮಲ್ಲನ ಬಕೆಟ್ಟಿಗೆ ಕೆಂಪು ಅರಿವೆ ಕಟ್ಟಿ, ಗಂಗಿಗೆ ಮೊದಲು ಮೇವು ಹಾಕಿ ಆಮೇಲೆ ಮಲ್ಲನ ಹತ್ತಿರ ಹೋಗುವ ಕ್ರಮವನ್ನು ಅವರೇ ಮಾಡಿಕೊಂಡರು. ಬೆಳಿಗ್ಗೆ ಬೆಳಿಗ್ಗೆ ಥರ್ಮಾಮೀಟರ್ ಹಿಡಿದು ಜ್ವರ ನೋಡುವುದನ್ನೂ ಕಲಿತರು. ಕುದುರೆಗೆ 101 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ, ಅದು ದಾಟಿದರೆ ಡಾಕ್ಟರಿಗೆ ಫೋನು. ಅದೇ ಹೊತ್ತಿನಲ್ಲಿ ಮಲ್ಲನಿಗೆ ಬೀಜದ ಆಪರೇಷನ್ನೂ ಆಯಿತು. ಇದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಆಪರೇಷನ್ ಆದ ಮರುದಿನವೇ ಗಂಡು ತಣ್ಣಗಾಗುವುದಿಲ್ಲ. ಗಾಯ ಮಾಯ್ದ ಮೇಲೂ ಕೆಲವು ವಾರ ಹೆಣ್ಣು ಕುದುರೆಯ ಜೊತೆ ಬಿಡಬಾರದು, ಗಬ್ಬ ನಿಲ್ಲಿಸುವ ಶಕ್ತಿ ಇರುತ್ತದೆ. ಹನ್ನೊಂದು ತಿಂಗಳ ಗಬ್ಬ ಹೊತ್ತುಕೊಂಡು ವಯಸ್ಸಾದ ಗಂಗಿ ವಲಸೆ ನಡೆಯುವುದು ಬೇಡವಾಗಿತ್ತು. ಹಾಗಾಗಿ ಮೂರು ವಾರ ಇನ್ನಷ್ಟು ಬೆಳೆಯಿತು, ಕಾಕಾನ ಸಿಟ್ಟೂ ಬೆಳೆಯಿತು.

ಎದುರುಬದುರು ಬೇಡ

ಇಷ್ಟು ರೇಗಿದ ಕಾಕಾ, ಆ ಮೇಲಿನ ಕೆಲಸದಲ್ಲಿ ಮಾತ್ರ ನನಗಿಂತ ತಾಳ್ಮೆಯವರು. ನನ್ನ ತಲೆಯಲ್ಲಿದ್ದದ್ದು ಬೇಲಿಯ ಆ ಕಡೆ ಒಂದು ಈ ಕಡೆ ಒಂದು ನಿಲ್ಲಿಸಿ ಮೂಸಿ ನೋಡಲು ಬಿಡುವುದು. ಬಹಳ ಕಡೆ ಹಾಗೆಯೇ ಮಾಡುತ್ತಾರೆ, ಬೇಲಿ ಗಟ್ಟಿ ಇದ್ದರೆ ಒಳ್ಳೆಯ ಕ್ರಮವೇ. ನಮ್ಮಲ್ಲಿ ಬೇಲಿ ಎಂದರೆ ಮುಳ್ಳುತಂತಿ, ಇಲ್ಲವೆ ಬಳ್ಳಾರಿ ಜಾಲಿಯ ಕಂಟಿ. ಕುದುರೆ ಮುಂಗಾಲು ಎತ್ತಿ ಹೊಡೆದರೆ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಲಿ ಮುಳ್ಳು ಗೊರಸಿನ ಮೆತ್ತನೆಯ ಭಾಗಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಕುಂಟು.

"ಎದುರಬದರ ನಿಂದ್ರಿಸಬ್ಯಾಡ ತಮ್ಮಾ" ಅಂದರು ಕಾಕಾ. "ಎರಡೂ ಒಂದ ಕಡಿ ಮಾರಿ ಮಾಡ್ಲಿ, ನಡೀಲಿ. ನಡಿಯೂ ಕುದ್ರಿಗೆ ಜಗಳಾ ಮಾಡಾಕ ಪುರಸೊತ್ತ ಇರೂದಿಲ್ಲ."

ಹೊಲದ ಬಂಡಿದಾರಿ ಅಗಲವಾಗಿದೆ. ಗಂಗಿಯನ್ನು ಕಾಕಾ ಹಿಡಿದು ದಾರಿಯ ಬಲಕ್ಕೆ, ಮಲ್ಲನನ್ನು ನಾನು ಹಿಡಿದು ಆಚೆ ಹೊಲದ ಬದುವಿನ ಗುಂಟ. ನಡುವೆ ಒಂದು ಹೊಲದ ಅಂತರ. ಬಿಸಿಲೇರುವ ಮುಂಚೆ ಹೋಗಿ ಬರುವುದು. ಮೊದಲು ಮಲ್ಲ ತಲೆ ಎತ್ತಿ ಆ ಕಡೆಗೇ ನೋಡುತ್ತಾ ಅಡ್ಡಡ್ಡ ನಡೆಯುತ್ತಿತ್ತು, ಒಂದೆರಡು ಸಲ ಜೋರಾಗಿ ಕೆನೆಯಿತು. ಗಂಗಿ ತಿರುಗಿಯೂ ನೋಡಲಿಲ್ಲ. ದಿನ ಕಳೆದಂತೆ ಬದು ಬಿಟ್ಟು ಹೊಲದ ಅಂಚಿಗೆ, ಅಂಚು ಬಿಟ್ಟು ದಾರಿಯ ಎಡಕ್ಕೆ ಬಂದೆವು. ಕೊನೆಗೆ ಗಂಗಿಯ ಹಿಂದೆ ಒಂದು ಕುದುರೆಯುದ್ದ ಬಿಟ್ಟು ನಡೆಸಿದೆವು. ಅಷ್ಟು ಅಂತರ ಯಾಕೆಂದರೆ ಒದೆ ತಾಗಬಾರದು. ಇನ್ನೊಂದು ಕಾರಣ ಕಣ್ಣಿನದು. ಕುದುರೆಗೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ, ಕಾಣದಿರುವುದು ಹಣೆಯ ನೇರ ಮುಂದೆ ಚೂರು ಮತ್ತು ಬಾಲದ ನೇರ ಹಿಂದೆ. ಹಿಂದೆ ತೀರ ಹತ್ತಿರ ಬಂದದ್ದು ಮರಿಯೋ ತೋಳವೋ ಗಂಗಿಗೆ ತಿಳಿಯುವುದಿಲ್ಲ, ಕಾಲು ಮೊದಲು ಉತ್ತರ ಕೊಡುತ್ತದೆ.

ಈ ದಿನಗಳಲ್ಲಿ ನಾನು ಕೆಲವು ಕಟ್ಟುನಿಟ್ಟು ಮಾಡಿಕೊಂಡಿದ್ದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವಂತಿಲ್ಲ, ಮಡಿಸಿ ಹಿಡಿಯಬೇಕು. ಬೆದರಿದ ಕುದುರೆಯ ಹಗ್ಗದ ಸುತ್ತಿನಲ್ಲಿ ಬೆರಳು ಕಳೆದುಕೊಂಡವರು ಉಂಟು. ಎರಡು ಕುದುರೆ ಮೂಸಿಕೊಳ್ಳುವಾಗ ಅವುಗಳ ನಡುವೆ ಮನುಷ್ಯ ನಿಲ್ಲುವಂತಿಲ್ಲ, ತನ್ನ ಕುದುರೆಯ ಭುಜದ ಹೊರಪಕ್ಕಕ್ಕೆ ನಿಲ್ಲಬೇಕು. ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡು ಹೋಗುವಂತಿಲ್ಲ. ಕಾಕಾನ ಮಗ ಒಂದು ದಿನ ಪ್ರೀತಿಯಿಂದ ತಂದ, ಎರಡೂ ಕುದುರೆ ಅವನ ಅಂಗಿಗೇ ಬಂದವು, ಗಂಗಿ ಮಲ್ಲನಿಗೆ ಹಲ್ಲು ತೋರಿಸಿತು. ತಿನ್ನುವ ಪದಾರ್ಥ ನಡುವೆ ಬಂದರೆ ಅದುವರೆಗಿನ ಸ್ನೇಹವೆಲ್ಲ ಒಂದು ಗಳಿಗೆ ರದ್ದು.

ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯ ಕುದುರೆಸಾಲು ಎಲ್ಲರೂ ನೋಡಿರುತ್ತೀರಿ. ಅಲ್ಲಿ ಕುದುರೆಗಳು ಸಾಲಾಗಿ ಒಂದೇ ದಿಕ್ಕಿಗೆ ನಡೆಯುತ್ತಿವೆ, ಜೊತೆಗೆ ಹಿಡಿದು ನಡೆಸುವವರು. ಮೆರವಣಿಗೆ ಎಂದರೆ ಹಾಗೇ ಅಲ್ಲವೇ ಎನ್ನಬಹುದು. ಆದರೂ ನಮ್ಮ ಬಂಡಿದಾರಿಯ ನಂತರ ಆ ಗೋಡೆಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ, ಪರ್ಶಿಯಾ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಬಂದವು, ಈ ನೆಲದ ತಳಿಯವು ಎರಡೂ ಸೇರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ದುಡ್ಡು ಕೊಡುತ್ತಿದ್ದನಂತೆ. ಈ ಕತೆಯನ್ನು ಗೈಡುಗಳೆಲ್ಲ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಅದೇ ನೂನಿಜ್ ಅರಮನೆಯ ಆಳುಗಳ ಪಟ್ಟಿಯಲ್ಲಿ ಕೊಡುವ ಲೆಕ್ಕ: ಕುದುರೆ ನೋಡಿಕೊಳ್ಳುವವರು 1,600 ಜನ, ಅವರಲ್ಲದೆ ಕುದುರೆ ಪಳಗಿಸುವವರೇ 300 ಜನ. ತಾವಾಗಿಯೇ ಸರಿಹೋಗುವ ಹಾಗಿದ್ದರೆ ಅಷ್ಟು ಜನರಿಗೆ ಸಂಬಳ ಯಾಕೆ?

ಬೀಳು ಹೊಲದಲ್ಲಿ

ಬಿಡುವ ದಿನಕ್ಕೆ ಮುಂಚೆ ಗಂಗಿಯ ಹಿಂಗಾಲಿನ ಲಾಳ ತೆಗೆಸಿದೆವು. ಬರಿಗೊರಸಿನ ಒದೆ ನೋಯಿಸುತ್ತದೆ, ಲಾಳದ ಒದೆ ಎಲುಬು ಮುರಿಯುತ್ತದೆ, ವ್ಯತ್ಯಾಸ ಅಷ್ಟು ದೊಡ್ಡದು. ಹೊಲ ಆರಿಸಿದ್ದು ಕಾಕಾ: ಬೀಳು ಬಿದ್ದ ಮಸಾರಿ, ಬಾವಿ ಇಲ್ಲ, ಇಕ್ಕಟ್ಟಿನ ಮೂಲೆ ಇಲ್ಲ. ಎರಡು ಕುದುರೆಗೆ ಕಣಿಕಿಯನ್ನು ಮೂರು ಗುಂಪು ಮಾಡಿ ದೂರ ದೂರ ಹಾಕಿದೆವು, ಒಂದರಿಂದ ಓಡಿಸಿದರೆ ಇನ್ನೊಂದು ಖಾಲಿ ಇರಲಿ ಎಂದು. ನೀರೂ ಎರಡು ಕಡೆ. ಹಗ್ಗ, ಮುಖಪಟ್ಟಿ ಎಲ್ಲ ಬಿಚ್ಚಿದೆವು, ಕಾಲು ಸಿಕ್ಕಿಕೊಳ್ಳುವಂಥದ್ದು ಮೈಮೇಲೆ ಏನೂ ಇರಬಾರದು.

ಮಲ್ಲ ನೇರ ಓಡಿತು. ಗಂಗಿ ನಿಂತಲ್ಲೇ ನಿಂತು ಕುತ್ತಿಗೆ ಬಾಗಿಸಿತು. ಮೂಗಿಗೆ ಮೂಗು ತಾಗಿಸಿ ಎರಡೂ ಒಂದರ ಉಸಿರು ಒಂದು ಎಳೆದುಕೊಂಡವು. ಆಮೇಲೆ ಒಂದು ಕಿರುಚು ಬಂತು ನೋಡಿ, ಹೊಸಬರು ಕೇಳಿದರೆ ಎದೆ ಒಡೆಯಬೇಕು, ಗಂಗಿಯದ್ದು. ಮುಂಗಾಲು ನೆಲಕ್ಕೆ ಬಡಿಯಿತು. ಆಗ ಮಲ್ಲ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ: ತಲೆ ತಗ್ಗಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ತುಟಿಯ ಕೊನೆ ಹಿಂದಕ್ಕೆಳೆದು, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಹಲ್ಲು ಟಕಟಕ ಅನ್ನಿಸಿತು. ಕಚ್ಚಲು ಬಂತೆಂದು ಕಾಕಾನ ಮಗ ಬಡಿಗೆ ಎತ್ತಿದ. ಅದು ಕಚ್ಚುವ ಲಕ್ಷಣವೇ ಅಲ್ಲ. ಎಳೆಯ ಕುದುರೆ ದೊಡ್ಡದಕ್ಕೆ ನಾನಿನ್ನೂ ಸಣ್ಣವನು ಎಂದು ಹೇಳುವ ರೀತಿ ಅದು. ಎರಡು ಮೂರು ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಗಂಗಿ ಆದರೂ ಬಿಡಲಿಲ್ಲ, ಹೊಲದ ಅರ್ಧದವರೆಗೆ ಅಟ್ಟಿತು. ಮಲ್ಲ ಅಷ್ಟು ದೂರ ಓಡಿ, ನಿಂತು, ಕಣಿಕಿಯ ಮೂರನೇ ಗುಂಪಿಗೆ ಬಾಯಿ ಹಾಕಿತು. ಗಂಗಿ ವಾಪಸು ಬಂತು.

ಅಷ್ಟೇ ಜಗಳ. ಆ ಮಧ್ಯಾಹ್ನದವರೆಗೆ ಕಾಕಾ ಮತ್ತು ನಾನು ಬದುವಿನ ಮೇಲೆ ಕೂತು ಕಾದದ್ದು ಸುಮ್ಮನೆ ಆಯಿತು ಎನ್ನಬೇಕು. ಆದರೂ ಬಿಟ್ಟು ಮನೆಗೆ ಹೋಗುವ ಕೆಲಸವಲ್ಲ ಅದು, ರಾತ್ರಿ ಒಟ್ಟಿಗೆ ಬಿಡುವುದಂತೂ ಇನ್ನೂ ಕೆಲವು ದಿನ ಇಲ್ಲ. ಯಾವಾಗ ನಂಬಬೇಕು ಎನ್ನುವುದಕ್ಕೆ ನಾನು ನೋಡುವ ಗುರುತು ಒಂದು: ಎರಡೂ ಎದುರಾಗಿ ನಿಂತು ಒಂದರ ಹೆಗಲ ಮೇಲಿನ ಗೂನು ಒಂದು ಹಲ್ಲಿನಿಂದ ಕೆರೆಯುವುದು. ಜೂಲು ಮುಗಿಯುವ ಆ ಜಾಗದಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲಿ ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ ಅಳೆದು ತೋರಿಸಿದ್ದಾರೆ. ಕತ್ತಿನ ಬದಿ ತಟ್ಟಿ ಭಲೇ ಅನ್ನುವ ಸವಾರರು ಕೈಯನ್ನು ಒಂದು ಗೇಣು ಮೇಲೆ ಇಟ್ಟು ಕೆರೆದರೆ ಕುದುರೆಗೆ ಹೆಚ್ಚು ಹಿತ.

ಕಾಲುವೆ ದಾರಿ

ದಾರಿಗೆ ಇಳಿದಾಗ ಗಂಗಿಯ ಮೇಲೆ ನಾನು, ಮಲ್ಲ ನನ್ನ ಎಡಗೈ ಹಗ್ಗದಲ್ಲಿ, ಅದರ ತಲೆ ನನ್ನ ಮೊಣಕಾಲಿನ ಸಮಕ್ಕೆ. ಎಡಕ್ಕೇ ಯಾಕೆಂದರೆ ನಮ್ಮ ರಸ್ತೆಯಲ್ಲಿ ನಾವು ಎಡಬದಿಗೆ ಹೋಗುತ್ತೇವೆ, ಗಾಡಿಗಳು ಬಲದಿಂದ ದಾಟುತ್ತವೆ. ಹಾರ್ನಿಗೂ ಮರಿಗೂ ನಡುವೆ ಗಂಗಿಯ ಮೈ ಇರಬೇಕು. ಹಗ್ಗವನ್ನು ಜೀನಿಗೆ ಬಿಗಿಯುವ ಅಭ್ಯಾಸ ಕೆಲವರಿಗಿದೆ. ಒಂದು ಬೆದರಿದರೆ ಎರಡೂ ಬೀಳುತ್ತವೆ, ಸವಾರನ ಸಮೇತ.

ಕಾರಟಗಿ ಕಡೆ ಕಾಲುವೆ ಸೇತುವೆಯ ಮೇಲೆ ನಿಜವಾದ ಪರೀಕ್ಷೆ ಬಂತು. ಎದುರಿಗೆ ಭತ್ತದ ಚೀಲ ತುಂಬಿದ ಟ್ರಾಕ್ಟರ್, ಹಿಂದೆ ಒಂದು ಟಿಪ್ಪರ್, ಕೆಳಗೆ ನೀರಿನ ಸದ್ದು. ಮಲ್ಲ ಬೇರು ಬಿಟ್ಟಂತೆ ನಿಂತುಬಿಟ್ಟಿತು, ಕಣ್ಣಿನ ಬಿಳಿ ಕಾಣುತ್ತಿತ್ತು, ಹಗ್ಗದಲ್ಲಿ ಅದರ ನಡುಕ ನನ್ನ ಕೈಗೆ ತಿಳಿಯುತ್ತಿತ್ತು. ಎಳೆದರೆ ಹಿಂದಕ್ಕೆ ಹಾರುತ್ತದೆ, ಹೊಡೆದರೆ ಸೇತುವೆ ಎಂದರೆ ಹೊಡೆತ ಎಂದು ನೆನಪಿಟ್ಟುಕೊಳ್ಳುತ್ತದೆ. ಹಗ್ಗ ಸಡಿಲ ಬಿಟ್ಟು ಗಂಗಿಯನ್ನೂ ನಿಲ್ಲಿಸಿದೆ. ಕಾಕಾನ ಮಗ ಹಿಂದೆ ಹೋಗಿ ಟಿಪ್ಪರಿಗೆ ಕೈ ಮಾಡಿದ, ಪುಣ್ಯಕ್ಕೆ ಡ್ರೈವರ್ ಎಂಜಿನ್ ಬಂದ್ ಮಾಡಿದ. ಗಂಗಿ ಒಮ್ಮೆ ಮೈ ಕೊಡವಿ, ಉದ್ದಕ್ಕೆ ಉಸಿರು ಬಿಟ್ಟು, ಸೇತುವೆಯ ಮೇಲೇ ಲದ್ದಿ ಹಾಕಿತು. ಮಲ್ಲನ ಕುತ್ತಿಗೆ ಇಳಿಯಿತು. ಗಂಗಿ ನಡೆದಾಗ ಅದೂ ನಡೆಯಿತು. ನಾನು ಒಂದು ಮಾತೂ ಆಡಿರಲಿಲ್ಲ, ಆಡಿದ್ದರೂ ಅದು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಳೆಯ ಕುದುರೆಯನ್ನು ಆರಿಸುವಾಗ ನಾವು ಅದರ ಓಟ ನೋಡುತ್ತೇವೆ, ಬಣ್ಣ ನೋಡುತ್ತೇವೆ. ಮರಿಗೆ ಜೊತೆಯಾಗಬೇಕಾದದ್ದು ಸೇತುವೆಯ ಮೇಲೆ ಲದ್ದಿ ಹಾಕುವಷ್ಟು ನಿರಾಳವಾದ ಕುದುರೆ. ಹಳೆಯದೇ ಬೆದರುವಂಥದ್ದಾಗಿದ್ದರೆ ಜೊತೆ ಹಾಕದಿರುವುದೇ ವಾಸಿ, ಅಂಜಿಕೆಯನ್ನೂ ಮರಿ ಅಷ್ಟೇ ಬೇಗ ಕಲಿಯುತ್ತದೆ.

ಬಿಟ್ಟಿರಲಾರದ ಕಾಯಿಲೆ

ಇನ್ನೊಂದು ಕಡೆಯ ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಪರಿಚಯ ಚೆನ್ನಾಗಿ ಆದಮೇಲೆ ಒಂದನ್ನು ಬಿಟ್ಟು ಇನ್ನೊಂದು ಹೊರಡುವುದಿಲ್ಲ. ಗಂಗಿಯನ್ನು ನೀರಿಗೆ ಒಯ್ದರೆ ಮಲ್ಲ ಗೂಟದ ಸುತ್ತ ಬೆವರು ಬರುವ ಹಾಗೆ ತಿರುಗುತ್ತಿತ್ತು, ಮೇವು ಮುಟ್ಟುತ್ತಿರಲಿಲ್ಲ. ಇಂಥ ಕುದುರೆಯ ಮೇಲೆ ಒಬ್ಬರೇ ಸವಾರಿ ಹೋದರೆ ಅರ್ಧ ದಾರಿಯಲ್ಲಿ ತಿರುಗಿ ಹಟ್ಟಿಗೆ ದೌಡಾಯಿಸುತ್ತದೆ. ಇದಕ್ಕೂ ಉಪಾಯ ಅಂತರವೇ. ಗಂಗಿ ಗುಡಿಸಲ ಮರೆಗೆ ಹೋಗಿ ಬರುವುದು, ಮಲ್ಲ ಚಡಪಡಿಸುವ ಮುಂಚೆಯೇ ಬರುವುದು, ಆಮೇಲೆ ಜಾಲಿ ಕಂಟಿಯ ಆಚೆಗೆ, ಆಮೇಲೆ ಕಾಲುವೆಯವರೆಗೆ. ಸವಾರಿಯಲ್ಲಿ ಮಲ್ಲನನ್ನು ಚೂರು ಮುಂದೆ ಬಿಟ್ಟು ಹಾದಿ ತೋರಿಸುವ ಕೆಲಸ ಕೊಡುವುದು, ಅಂಜಿದ ಕೂಡಲೇ ಗಂಗಿ ಮುಂದೆ ಬರುವುದು. ನಿಧಾನದ ಕೆಲಸ. ಹಿಂಡು ಹೊರಡುವ ತಾರೀಕು ನಮಗಾಗಿ ಕಾಯುವುದಿಲ್ಲವಾದ್ದರಿಂದ ದಾರಿಯಲ್ಲಿ ನಡೆಯುತ್ತಲೇ ಮಾಡಬೇಕಾಯಿತು.

ಈ ಸಲದ ವಲಸೆಯಲ್ಲಿ ಮಲ್ಲನ ಮೇಲೆ ಹೇರಿದ್ದು ಖಾಲಿ ಪಾತ್ರೆಯ ಚೀಲ, ಬಲೆ ಮತ್ತು ಎರಡು ಕುರಿಮರಿ. ಪಾತ್ರೆ ಸದ್ದು ಮಾಡದಂತೆ ನಡುವೆ ಗೋಣಿ ತುರುಕಿದ್ದೆವು. ಮುಂದಿನ ವರ್ಷ ಗಂಗಿಯನ್ನು ಊರಲ್ಲೇ ಬಿಟ್ಟು ಮಲ್ಲನೊಂದನ್ನೇ ಒಯ್ಯೋಣ ಎನ್ನುವುದು ಕಾಕಾನ ವಾದ. ಗಂಗಿ ಬರಿಮೈಯಲ್ಲಾದರೂ ಜೊತೆಗೆ ನಡೆಯಲಿ, ಮಲ್ಲನ ಮೂಲೆಯ ಹಲ್ಲು ಬದಲಾಗುವವರೆಗೆ ಪೂರ್ತಿ ಹೊರೆ ಬೇಡ ಎನ್ನುವುದು ನನ್ನದು. "ಹಲ್ಲ ನೋಡಿಕೋತ ಕುಂತ್ರ ಕುರಿ ಮೇಯ್ತಾವೇನು?" ಎಂದು ಅವರು ಗದರುತ್ತಾರೆ. ಕಾಕಿ ಮಾತ್ರ ನನ್ನ ಕಡೆ ಇದ್ದಾರೆ. ಹಟ್ಟಿಗೆ ಫೋನು ಮಾಡಿದಾಗಲೆಲ್ಲ ಮೊದಲು ಗಂಗಿಯ ಕಾಲು ಹೇಗಿದೆ ಎಂದೇ ಕೇಳುತ್ತಾರೆ, ಕಾಕಾನ ಮಂಡಿನೋವು ಆಮೇಲೆ.